ಎಂಬತ್ತನೆಯ ಪುಟ ಅಂಟಿಸಿದ ಮಳೆಗಾಲ

ಮೊನ್ನೆ ಚಿಕ್ಕೋಡಿ ಬಸ್ ನಿಲ್ದಾಣದ ಹೊರಗೋಡೆಗೆ ಒಬ್ಬ ಆಳು ಜಾಹೀರಾತಿನ ಹಾಳೆ ಹಚ್ಚುತ್ತ ನಿಂತಿದ್ದ. ಅವನ ಕಾಲ ಬಳಿ ಬಕೆಟ್ಟು, ಬಕೆಟ್ಟಿನಲ್ಲಿ ಮೈದಾ ಹಿಟ್ಟಿನ ಅಂಟು. ಹಿಂದಿನ ದಿನ ಕುದಿಸಿದ್ದಿರಬೇಕು, ಹುಳಿ ಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಹತ್ತಬೇಕಾದ ನಿಪ್ಪಾಣಿ ಬಸ್ಸು ಬಿಟ್ಟು ಕಟ್ಟೆಯ ಮೇಲೆ ಕುಳಿತೆ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ಪೂರಾ ಆ ಬಕೆಟ್ಟಿನಲ್ಲಿತ್ತು.

ನನ್ನದು ನಿಪ್ಪಾಣಿಯಲ್ಲಿ ಸಣ್ಣ ಮುದ್ರಣಾಲಯ. ಏಳನೆಯ ತರಗತಿ ಮುಗಿಯುವ ಮೊದಲೇ ಶಾಲೆ ಬಿಟ್ಟು ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ನಿಂತವನು ನಾನು. ಆ ಸೀಸದ ಮೊಳೆಗಳು ಹೋದವು, ಕಾಲಲ್ಲಿ ತುಳಿಯುವ ಯಂತ್ರ ಹೋಯಿತು, ಆಫ್‌ಸೆಟ್ ಬಂತು, ನಾನು ಮಾತ್ರ ಹೋಗಲಿಲ್ಲ. ಬೀಡಿ ಕಟ್ಟಿನ ಲೇಬಲ್ಲು ನಮ್ಮ ಮುಖ್ಯ ಕೆಲಸ. ನಾಲ್ಕು ಬಣ್ಣ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದಂತೆ ಕೂರಬೇಕು. ಮಾರುತಿಯ ಕೈಯಲ್ಲಿ ತಪ್ಪು ಬರುವುದಿಲ್ಲ ಎಂದು ಪೇಟೆಯ ಜನ ಹೇಳುತ್ತಿದ್ದರು. ಅವರು ಹೇಳದಿದ್ದಾಗ ನಾನೇ ಹೇಳುತ್ತಿದ್ದೆ.

ಆ ವರ್ಷ ಆಷಾಢದಲ್ಲಿ, ಮಳೆ ಹಿಡಿದು ನಾಲ್ಕೈದು ದಿನವಾದ ಮೇಲೆ, ಭೋಜದಿಂದ ರತ್ನಾಬಾಯಿ ಮಗಳನ್ನು ಕರೆದುಕೊಂಡು ಬಂದರು. ಜೈನ ಒಕ್ಕಲು ಮನೆತನ. ಕಬ್ಬೂ ಬೆಳೆಯುತ್ತಾರೆ, ತಂಬಾಕೂ ಬೆಳೆಯುತ್ತಾರೆ. ರತ್ನಾಬಾಯಿ ಹದಿನಾಲ್ಕು ವರ್ಷ ಹಿಡಿದ ಅನಂತ ವ್ರತ ಆ ಭಾದ್ರಪದಕ್ಕೆ ಮುಗಿಯುವುದಿತ್ತು. ವ್ರತದ ಉದ್ಯಾಪನೆಗೆ ಶಾಸ್ತ್ರದಾನ ಮಾಡುವುದು ಅವರಲ್ಲಿ ರೂಢಿ. ಒಂದು ಧರ್ಮದ ಪುಸ್ತಕ ಅಚ್ಚು ಹಾಕಿಸಿ ಬಸದಿಗೂ ಬಂಧುಗಳಿಗೂ ಪುಕ್ಕಟೆ ಕೊಡುತ್ತಾರೆ. ಅಂಥವನ್ನು ನಾನು ಎಷ್ಟೋ ಮಾಡಿಕೊಟ್ಟಿದ್ದೆ. ಆದರೆ ಆಕೆ ಚೀಲದಿಂದ ತೆಗೆದ ಕಟ್ಟಿನ ಮೇಲೆ ‘ಗುರುತ್ವದ ಕೊನೆಯ ಮೆಟ್ಟಿಲು’ ಎಂದಿತ್ತು.

“ಇದೇನ್ರಿ ಅಕ್ಕಾರ?”

“ನನ್ನ ಮಗಳು ಬರದಾಳ, ಕನ್ನಡದಾಗ. ಇಕಿ ದೂರದ ಸಂಸ್ಥೆಯೊಳಗ ಕುಂತ ಹತ್ತ ವರ್ಷದಿಂದ ಏನ ಓದಾಕತ್ತಾಳಂತ ಊರ ಮಂದಿ ಕೇಳತೈತಿ. ನಾಲ್ಕನೇತ್ತಾ ಕಲಿತಾಕಿ ನಾ, ಏನ ಹೇಳ್ಲಿ? ಮದವಿ ಯಾವಾಗ ಅಂತ ಕೇಳಿದ್ರ ಅದಕ್ಕ ಉತ್ತರ ಐತಿ, ಇದಕ್ಕಿಲ್ಲ.”

ಮಗಳು ತ್ರಿಶಲಾ ಕೊಡೆ ಮಡಚುತ್ತ ನಕ್ಕಳು. “ಅದಕ್ಕೂ ಇಲ್ಲ ಆಯಿ ಹತ್ರ.”

“ಶಾಸ್ತ್ರದಾನಕ್ಕ ಇಂಥಾದ್ದು ನಡೀತೈತೇನ್ರಿ?” ಎಂದೆ.

“ಬಸದಿಯೊಳಗ ಚಾತುರ್ಮಾಸಕ್ಕ ನಿಂತ ಮುನಿ ಮಹಾರಾಜರನ್ನ ಕೇಳೀನಿ. ಯಾವ ಜ್ಞಾನ ಆದ್ರೂ ಕೊಡಬಹುದು, ಆದ್ರ ತಿಳದಿದ್ದನ್ನ ತಿಳದಷ್ಟ ಹೇಳಿರಬೇಕು, ಅದಕ್ಕಿಂತ ಒಂದ ಮಾತ ಹೆಚ್ಚಿಗಿ ಇರಬಾರದು ಅಂದ್ರು.”

ಇನ್ನೊಂದು ಷರತ್ತು ಆಕೆಯದೇ. ಹೊಲಿಗೆಗೆ, ಅಂಟಿಗೆ ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ ಸರಸು ಬಳಸಬಾರದು. ಮೈದಾದ ಅಂಟೇ ಆಗಬೇಕು, ಅದಕ್ಕೂ ಹುಳ ಸಾಯುವ ಮೈಲುತುತ್ತ ಹಾಕಬಾರದು. ಹಾಗಾದರೆ ಮಳೆಗಾಲದಲ್ಲಿ ಅಂಟು ಒಂದೇ ದಿನಕ್ಕೆ ಹುಳಿಯಾಗುತ್ತದೆ, ದಿನಾ ಹೊಸದಾಗಿ ಕುದಿಸಬೇಕು. ಕುದಿಸುವವಳು ರುಕ್ಮವ್ವ. ಹಾಳೆ ಮಡಚಿ, ಪುಸ್ತಕ ಹೊಲಿದು, ಅಂಟು ಹಚ್ಚುವ ಕೆಲಸವನ್ನೆಲ್ಲ ನನ್ನಲ್ಲಿ ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದವಳು. ರತ್ನಾಬಾಯಿಯ ಮಾತು ಕೇಳಿ ಅವಳು “ಹುಳಾ ಉಳೀತಾವ, ನನ್ನ ರಟ್ಟಿ ಸಾಯ್ತಾವ” ಎಂದು ಗೊಣಗಿ ಪಾತ್ರೆ ತೊಳೆಯಲು ಹೋದಳು.

ತ್ರಿಶಲಾ ಮೂರು ತಿಂಗಳ ರಜೆಯ ಮೇಲೆ ಬಂದಿದ್ದಳು. ವಾರಕ್ಕೊಮ್ಮೆ ಪ್ರೂಫು ನೋಡಲು ಭೋಜದಿಂದ ಬರುವಳು. ನನಗೊಂದು ಹಠ. ಅರ್ಥವಾಗದ ಸಾಲು ಕಂಡರೆ ಯಂತ್ರ ನಿಲ್ಲಿಸಿ ಕೇಳುತ್ತೇನೆ. ಶಾಲೆ ಬಿಟ್ಟವನಿಗೆ ಅದೊಂದೇ ಶಾಲೆ. ಮೊದಲ ವಾರವೇ ಕೇಳಿದೆ, “ಅತಿ ಹೆಚ್ಚಿನ ಶಕ್ತಿಯೊಳಗ ಗುರುತ್ವ ಹೆಂಗ ನಡಕೊಳ್ಳತೈತಿ ಅಂತ ಬರದೀರಿ. ಅಲ್ಲಿಗೆ ಹೋಗಿ ನೋಡಿದವರ ಯಾರ?”

“ಯಾರೂ ಇಲ್ಲ ಮಾರುತಿ ಕಾಕಾ. ಆ ಭೂತಗನ್ನಡಿ ಕೊಡ್ರಿ ಇಲ್ಲಿ.” ಬಣ್ಣದ ಚುಕ್ಕೆ ನೋಡಲು ನಾನು ಇಟ್ಟುಕೊಂಡ ಗಾಜನ್ನು ಒಂದು ಬೀಡಿ ಲೇಬಲ್ಲಿನ ಮೇಲೆ ಇಟ್ಟಳು. ಲೇಬಲ್ಲಿನಲ್ಲಿ ಗಿಳಿಯ ಚಿತ್ರವಿತ್ತು. “ಏನ ಕಾಣಸ್ತೈತಿ?”

“ಗಿಳಿ ಹೋತು. ಚುಕ್ಕಿ ಅದಾವ.”

“ಇನ್ನೂ ಹತ್ರ ಹೋದ್ರ?”

“ಚುಕ್ಕಿನೂ ಹೋಗಿ ಕಾಗದದ ಎಳಿ ಕಾಣ್ತಾವ.”

“ನಮ್ಮ ಕೆಲಸಾನೂ ಅದ. ಹತ್ರ ಹೋದಂಗೆಲ್ಲ ಮೊದಲಿನ ಚಿತ್ರ ಹೋಗಿ ಬ್ಯಾರೆ ಬರತೈತಿ. ನಿಮಗ ಗಾಜ ಸಾಕು, ನಮಗ ಡಿಕ್ಕಿ ಬೇಕು.”

ಹೀಗೆ ವಾರಕ್ಕಿಷ್ಟು ತಿಳಿಯುತ್ತ ಹೋಯಿತು. ಇನ್ನೂ ಸಣ್ಣದನ್ನು ನೋಡಬೇಕಾದರೆ ಕಣಗಳನ್ನು ಇನ್ನೂ ಹೆಚ್ಚಿನ ಶಕ್ತಿಯಿಂದ ಒಂದಕ್ಕೊಂದು ಬಡಿಸಬೇಕು. ನಮಗೆ ಗೊತ್ತಿರುವ ಬಲಗಳಲ್ಲಿ ಗುರುತ್ವ ತೀರ ಬಡಪಾಯಿ. ಒಂದು ಸಣ್ಣ ಅಯಸ್ಕಾಂತ ಇಡೀ ಭೂಮಿಯ ಎಳೆತವನ್ನು ಸೋಲಿಸಿ ಗುಂಡುಸೂಜಿಯನ್ನು ಎತ್ತಿಬಿಡುತ್ತದೆ. ಆದರೆ ಗುರುತ್ವ ತೂಕವನ್ನಷ್ಟೇ ಎಳೆಯುವುದಿಲ್ಲ, ಶಕ್ತಿಯನ್ನೂ ಎಳೆಯುತ್ತದೆ. ಆದ್ದರಿಂದ ಡಿಕ್ಕಿಯ ಶಕ್ತಿ ಏರಿದ ಹಾಗೆ ಅದರ ಜೋರೂ ಏರುತ್ತದೆ. ಭೂಮಿಯ ಮೇಲಿನ ಯಾವ ಯಂತ್ರವೂ ಮುಟ್ಟಲಾರದ ಒಂದು ಎತ್ತರದಲ್ಲಿ ಅದು ಉಳಿದ ಬಲಗಳಿಗೆ ಸರಿಸಮ ಬರುತ್ತದೆ. ಅಲ್ಲಿ ಹಳೆಯ ರೀತಿಯಲ್ಲಿ ಲೆಕ್ಕ ಹಾಕಿದರೆ ಉತ್ತರ ಅನಂತವೆಂದು ಬರುತ್ತದೆ.

“ಅನಂತ ಅಂದ್ರ ದೊಡ್ಡ ಉತ್ತರ ಅಲ್ಲ ಕಾಕಾ, ಉತ್ತರನ ಇಲ್ಲ ಅಂತ. ನಮ್ಮ ಆಯಿ ಹದಿನಾಲ್ಕ ವರ್ಷ ಅನಂತನ ಪೂಜಿ ಮಾಡಿದ್ಲು, ನಾ ಹತ್ತ ವರ್ಷದಿಂದ ಅನಂತನ್ನ ಹೊರಗ ಹಾಕಾಕ ಹೆಣಗತೀನಿ.”

“ಇನ್ನೂ ಜೋರ ಬಡದ ನೋಡಬೇಕಪಾ ಹಂಗಾರ.”

“ಇದ ಗಾಜಿಲೆ ಬಿಸಲ ಹಿಡೀರಿ. ಬೆಳಕ ಹೆಚ್ಚಾತು, ಖರೇ. ಲೇಬಲ್ಲ ಏನಾಕ್ಕೈತಿ?”

“ಸುಟ್ಟ ತೂತ ಬೀಳತೈತಿ.”

“ಅಲ್ಲೂ ಹಂಗ. ಅತಿ ಜೋರ ಬಡದ್ರ ಆ ಜಾಗಾನ ತನ್ನ ಮ್ಯಾಲೆ ತಾ ಮುಚ್ಚಿಕೊಂಡ ಕಪ್ಪುಕುಳಿ ಆಗತೈತಿ ಅಂತೀವಿ. ಇನ್ನೂ ಜೋರ ಬಡದ್ರ ಕುಳಿ ಇನ್ನೂ ದೊಡ್ಡದು. ಶಕ್ತಿ ಹೆಚ್ಚ ಮಾಡಿದಷ್ಟು ಕಾಣೂದ ಕಡಿಮಿ.”

ಆ ದಿನ ಅವಳು ಹೋದ ಮೇಲೆ ಗಾಜಿನಿಂದ ಒಂದು ಲೇಬಲ್ಲಿಗೆ ತೂತು ಸುಟ್ಟು, ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದೆ. ನೋಡುವುದಕ್ಕೂ ಒಂದು ತಳವಿದೆ ಎಂದು ಯಾವ ಮಾಸ್ತರರೂ ನನಗೆ ಹೇಳಿರಲಿಲ್ಲ.

ಈ ತೊಡಕಿನಿಂದ ಹೊರಬರಲು ಹಲವರು ಹಲವು ದಾರಿ ಹಿಡಿದಿದ್ದಾರೆ. ಕಣವೆಂಬುದು ಚುಕ್ಕೆಯೇ ಅಲ್ಲ, ಅತಿ ಸಣ್ಣ ತಂತಿ ಎನ್ನುತ್ತಾರೆ ಕೆಲವರು. ತಂತಿಗೆ ತಂತಿ ಬಡಿದರೆ ಪೆಟ್ಟು ಹರಡಿಕೊಂಡು ಮೆತ್ತಗಾಗುತ್ತದಂತೆ. ತ್ರಿಶಲಾಳ ಜೊತೆಯವರು ಹಿಡಿದದ್ದು ಬೇರೆ ದಾರಿ. ಏರುತ್ತ ಹೋದ ಗುರುತ್ವದ ಜೋರು ಒಂದು ಎತ್ತರದಲ್ಲಿ ಏರುವುದನ್ನು ನಿಲ್ಲಿಸಿ ಒಂದು ಅಂಕಿಯ ಬಳಿ ನೆಲೆ ನಿಲ್ಲುತ್ತದೆ, ಹಾಗಾದರೆ ಅನಂತ ಬರುವುದಿಲ್ಲ, ಲೆಕ್ಕ ಮುರಿಯುವುದಿಲ್ಲ ಎನ್ನುತ್ತಾರೆ ಅವರು. ನೀರಿಗೆ ಉರಿ ಹಚ್ಚಿದರೆ ಕಾವು ಏರುತ್ತದೆ, ಕುದಿ ಬಂದ ಮೇಲೆ ಎಷ್ಟು ಕಟ್ಟಿಗೆ ತುರುಕಿದರೂ ಅಲ್ಲೇ ನಿಲ್ಲುತ್ತದಲ್ಲ, ಹೆಚ್ಚುಕಡಿಮೆ ಹಾಗೆ ಎಂದು ಅವಳು ಬರೆದಿದ್ದಳು. ಎಪ್ಪತ್ತೊಂಬತ್ತನೆಯ ಪುಟದ ಕೊನೆಯ ಸಾಲು “ಅಲ್ಲಿ ಗುರುತ್ವ ನೆಲೆ ನಿಲ್ಲುತ್ತದೆ.” ಆ ಸಾಲನ್ನು ರುಕ್ಮವ್ವನ ಮುಂದೆ ಎರಡು ಸಲ ಓದಿದೆ. ಪುಸ್ತಕ ನಾನೇ ಬರೆದಷ್ಟು ಹೆಮ್ಮೆಯಾಗಿತ್ತು.

ಅದರ ನಂತರ ಒಂದು ಪುಟವಿತ್ತು, ಎಂಬತ್ತನೆಯದು. ಅದರಲ್ಲಿ ಅವಳು ಬರೆದದ್ದು ಇಷ್ಟು: “ಈ ಲೆಕ್ಕದಲ್ಲಿ ಬರಬೇಕಾದ ಅಂಶಗಳಿಗೆ ಕೊನೆಯೇ ಇಲ್ಲ. ಎಲ್ಲವನ್ನೂ ಹಿಡಿದು ಯಾರೂ ಲೆಕ್ಕ ಹಾಕಲಾರರು. ಕೆಲವನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟಿದ್ದೇವೆ. ಇಟ್ಟುಕೊಂಡಷ್ಟರಲ್ಲಿ ಗುರುತ್ವ ನೆಲೆ ನಿಲ್ಲುತ್ತದೆ. ಬಿಟ್ಟವುಗಳನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಸೇರಿಸಿ ನೋಡುತ್ತಿದ್ದೇವೆ, ಈವರೆಗೆ ನೆಲೆ ಉಳಿದಿದೆ. ಎಲ್ಲವನ್ನೂ ಸೇರಿಸಿದರೂ ಉಳಿಯುತ್ತದೆಂದು ಯಾರೂ ಸಾಬೀತು ಮಾಡಿಲ್ಲ. ಹಾಗೆ ಬಿಟ್ಟವರಲ್ಲಿ ನಾನೂ ಒಬ್ಬಳು.”

ಭಾದ್ರಪದ ಹತ್ತಿರ ಬಂತು. ಹದಿನಾರು ಪುಟಕ್ಕೆ ಒಂದು ಫಾರ್ಮು, ಅಂದರೆ ಒಂದು ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಎಂಟೆಂಟು ಪುಟ. ಎಂಬತ್ತು ಪುಟಕ್ಕೆ ಐದು ಫಾರ್ಮು ಸರಿಯಾಗಿ ಕೂತಿತ್ತು. ನಾಲ್ಕು ಫಾರ್ಮು ಅಚ್ಚಾಗಿ, ಐದನೆಯದಕ್ಕೆ ಪ್ಲೇಟು ಮಾಡುವ ದಿನ ನನ್ನ ತಪ್ಪು ಗೊತ್ತಾಯಿತು. ದಾನಿಗಳ ಪುಟವನ್ನು ಲೆಕ್ಕದಲ್ಲಿ ಹಿಡಿದೇ ಇರಲಿಲ್ಲ. ಶಾಸ್ತ್ರದಾನದ ಪುಸ್ತಕವೆಂದರೆ ಕೊನೆಗೆ ದಾನ ಮಾಡಿದವರ ಭಾವಚಿತ್ರ, ವ್ರತದ ಹೆಸರು, ಮನೆತನದವರ ಹೆಸರು ಇರಲೇಬೇಕು. ರತ್ನಾಬಾಯಿ ತಮ್ಮ ಭಾವಚಿತ್ರವನ್ನು ತಿಂಗಳ ಹಿಂದೆಯೇ ಕೊಟ್ಟಿದ್ದರು, ಅದು ಖಾನೆಯಲ್ಲಿತ್ತು. ರಕ್ಷಾಪುಟದ ಒಳಮಗ್ಗುಲಿಗೆ ಹಾಕೋಣವೆಂದರೆ ಅದು ಅಚ್ಚಾಗಿ, ಮೇಲೆ ಹೊಳಪಿನ ಹಾಳೆ ಕೂಡ ಬಿದ್ದು ಬೇರೆ ಊರಿನಿಂದ ಬಂದಾಗಿತ್ತು.

ತ್ರಿಶಲಾ ಹತ್ತು ದಿನಕ್ಕೆಂದು ತನ್ನ ಸಂಸ್ಥೆಗೆ ಹೋಗಿದ್ದಳು. ಫೋನು ನನ್ನ ಜೇಬಿನಲ್ಲೇ ಇತ್ತು. “ತಂಗಿ, ನಾ ಲೆಕ್ಕ ತಪ್ಪೀನಿ” ಎಂದು ಹೇಳಬೇಕಾಗುತ್ತಿತ್ತು. ಆ ಮಾತು ನನ್ನ ಬಾಯಲ್ಲಿ ಮೂವತ್ತೈದು ವರ್ಷದಲ್ಲಿ ಬಂದಿರಲಿಲ್ಲ. ಎಂಬತ್ತನೆಯ ಪುಟವನ್ನು ಇನ್ನೊಮ್ಮೆ ಓದಿದೆ. ವಿನಯಕ್ಕೆ ಬರೆದದ್ದು, ಲೇಖಕರು ಕೊನೆಗೆ ಕೈಮುಗಿಯುತ್ತಾರಲ್ಲ ಹಾಗೆ, ಎಂದುಕೊಂಡೆ. ಅಷ್ಟು ಚಂದ ನಿಂತ ಪುಸ್ತಕವನ್ನು ಗೊತ್ತಿಲ್ಲ ಗೊತ್ತಿಲ್ಲ ಎಂದು ಯಾಕೆ ಮುಗಿಸಬೇಕು ಎಂದೂ ಅನ್ನಿಸಿತು. ಅದನ್ನು ತೆಗೆದು ಆ ಜಾಗದಲ್ಲಿ ದಾನಿಗಳ ಪುಟ ಕೂಡಿಸಿದೆ. ಐನೂರು ಪ್ರತಿ ಅಚ್ಚಾಯಿತು.

ಉದ್ಯಾಪನೆಯ ದಿನ ಭೋಜದಲ್ಲಿ ಮಳೆ ಬಿಟ್ಟುಕೊಟ್ಟಿತ್ತು. ಪೂಜೆ ಮುಗಿದು, ಹೊತ್ತು ಮುಳುಗುವ ಮುಂಚೆ ಎಲ್ಲರದೂ ಊಟವಾಗಿ, ದೂರದ ಬೀಗರು ಪುಸ್ತಕ ತೆಗೆದುಕೊಂಡು ಗಾಡಿ ಹತ್ತಿದ್ದರು. ನಾನು, ರುಕ್ಮವ್ವ ಉಳಿದ ಗಂಟುಗಳನ್ನು ಪಡಸಾಲೆಯಲ್ಲಿ ಜೋಡಿಸುತ್ತಿದ್ದೆವು. ಆ ಬೆಳಗ್ಗೆಯಷ್ಟೇ ಊರಿಗೆ ಮುಟ್ಟಿದ್ದ ತ್ರಿಶಲಾ ಒಂದು ಪ್ರತಿ ಹಿಡಿದು ಕಂಬಕ್ಕೊರಗಿ ಕುಳಿತಳು. ಮೊದಲು ಕೊನೆಯ ಪುಟ ತೆರೆದಳು. ಹಿಂದಿನದನ್ನು ನೋಡಿದಳು. ಇನ್ನೊಂದು ಪ್ರತಿ ತೆಗೆದು ನೋಡಿದಳು.

“ಮಾರುತಿ ಕಾಕಾ, ಎಂಬತ್ತನೇ ಪುಟ ಎಲ್ಲೈತಿ?”

ನನ್ನ ಬಾಯಿ ನನಗಿಂತ ಮೊದಲು ಮಾತಾಡಿತು.

“ಅದ ಬಿಡಿ ಹಾಳಿ ಇತ್ತವಾ ತಂಗಿ. ಮಡಚೂವಾಗ ಸೇರಸೂದ ಮರತಾರ ಕಾಣಸ್ತೈತಿ.”

ರುಕ್ಮವ್ವ ಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನನ್ನು ಒಮ್ಮೆ ನೋಡಿದಳು. ಮತ್ತೆ ಗಂಟು ಕಟ್ಟಿದಳು.

“ಅದಿಲ್ಲದ ಇದು ಸುಳ್ಳ ಪುಸ್ತಕ ಕಾಕಾ,” ಎಂದಳು ತ್ರಿಶಲಾ. “ಸಾಬೀತಾಗಿಲ್ಲದ್ದನ್ನ ಸಾಬೀತಾಗೈತಿ ಅಂತ ನನ್ನ ಹೆಸರಿಲೆ ಹೇಳಾಕತ್ತೈತಿ ಇದು.”

ಒಳಗಿನಿಂದ ರತ್ನಾಬಾಯಿ ಬಂದರು. ಮಗಳು ಹೇಳಿದ್ದನ್ನು ಪೂರ್ತಿ ಕೇಳಿ, ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತರು. “ತಿಳದಷ್ಟ ಹೇಳಿರಬೇಕು ಅಂದಿದ್ರು ಮಹಾರಾಜರು. ನಾ ಹೆಚ್ಚಿಗಿ ಹೇಳಿ ದಾನಾ ಕೊಟ್ಟಂಗಾತು. ಹದಿನಾಲ್ಕ ವರ್ಷದ್ದು ಇನ್ನೂ ಮುಗಿದಿಲ್ಲ ಹಂಗಾರ.” ಆಮೇಲೆ ಹೇಳಿದರು, “ಕೊಟ್ಟ ಪ್ರತಿಗೂ ಇಟ್ಟ ಪ್ರತಿಗೂ ಆ ಪುಟ ಸೇರೂಮಟಾ ನಾ ಉಪ್ಪ ತಿನ್ನಂಗಿಲ್ಲ.”

ಒಂದು ರುಚಿ ಬಿಡುವುದು ಅವರಲ್ಲಿ ಸಣ್ಣ ಮಾತಲ್ಲ, ಬಿಟ್ಟರೆ ಬಿಟ್ಟಂತೆಯೇ. ನಾನು ಮರುದಿನವೇ ಆ ಪುಟವನ್ನು ಬಿಡಿ ಹಾಳೆಯಾಗಿ ಅಚ್ಚು ಹಾಕಿದೆ. ರುಕ್ಮವ್ವ ಮೂರು ದಿನ ಕುಳಿತು, ಒಂದಂಚಿಗೆ ಅಂಟು ಎಳೆದು, ಮನೆಯಲ್ಲಿದ್ದ ಪ್ರತಿಗಳಿಗೆಲ್ಲ ಕೂಡಿಸಿದಳು. ಹೊರಗೆ ಹೋದವು ನಲವತ್ತೆರಡು. ಅವು ರಾಯಬಾಗ, ಮುಗಳಖೋಡ, ಅಥಣಿ, ಕಾಗವಾಡದ ತನಕ ಹರಡಿದ್ದವು. ತಂದುಕೊಡಿರೆಂದು ಯಾರಿಗೆ ಹೇಳುವುದು? ನಾನೇ ಹೊರಟೆ. ಮೋಟಾರ್ ಸೈಕಲ್ಲಿನ ಚೀಲದಲ್ಲಿ ಪುಟಗಳು, ಒಂದು ಬಟ್ಟೆ, ಅಂಚು ಒತ್ತಿ ಕೂಡಿಸಲು ಒಂದು ಪ್ಲಾಸ್ಟಿಕ್ ಪಟ್ಟಿ, ಊಟದ ಡಬ್ಬಿಯಲ್ಲಿ ಅಂಟು. ದಿನಾ ಬೆಳಗ್ಗೆ ರುಕ್ಮವ್ವ ಹೊಸ ಅಂಟು ಕುದಿಸಿ ಡಬ್ಬಿ ತುಂಬಿ ಕೈಗೆ ಕೊಡುವಳು. “ಇವತ್ತ ಯಾವೂರ್ರಿ ಮಾಲಕ್ರ?” ಎಂದಷ್ಟೇ ಕೇಳುವಳು. ನಾನು ಊರ ಹೆಸರು ಹೇಳಿ ಗಾಡಿ ಒದೆಯುವೆ.

ರಾಯಬಾಗದಲ್ಲಿ ಮೊದಲ ಮನೆಯಲ್ಲೇ ಡಬ್ಬಿ ತೆರೆದಾಗ ಮನೆಯಾಕೆ ಇಣುಕಿ ನೋಡಿ, “ಅಯ್ಯ, ಗಂಜಿ ತಂದೀರಿ? ನಾವೇನ ಊಟಾ ಹಾಕೂದಿಲ್ಲೇನ?” ಎಂದು ನಕ್ಕಳು. ಆದರೆ ಅಂಟಿಸುವ ಮುಂಚೆ ಎಲ್ಲರೂ ಒಂದನ್ನು ಕೇಳುತ್ತಿದ್ದರು. ಪುಟದಲ್ಲಿ ಏನಿದೆ? ಕೇಳಿದರೆ ಹೇಳಬೇಕು. ಹೇಳಬೇಕಾದರೆ ಮೊದಲಿನಿಂದ ಹೇಳಬೇಕು. ಗಿಳಿ, ಚುಕ್ಕಿ, ಸುಟ್ಟ ತೂತು, ಅನಂತ, ಕುದಿಯುವ ನೀರು. ಶಾಲೆ ಬಿಟ್ಟ ನಾನು ನಲವತ್ತು ಪಡಸಾಲೆಯಲ್ಲಿ ಮಾಸ್ತರನಾದೆ. ಕೊನೆಗೆ “ಪ್ರೆಸ್ಸಿನಾಗ ತಪ್ಪಾತ್ರಿ” ಎಂದು ಮುಗಿಸಿ ಅಂಟು ಹಚ್ಚುತ್ತಿದ್ದೆ.

ಮುಗಳಖೋಡದಲ್ಲಿ ರತ್ನಾಬಾಯಿಯ ಸೋದರಮಾವನ ಮಗ ಅಣ್ಣಪ್ಪನ ಮನೆ. ಬೆಲ್ಲದ ಗಾಣ ಇಟ್ಟುಕೊಂಡವನು. ಕುದಿಯುವ ನೀರಿನ ಮಾತು ಬಂದದ್ದೇ ತಲೆಯಾಡಿಸಿದ.

“ತಡೀರಿ ತಡೀರಿ. ಬರೇ ನೀರಿದ್ರ ನಿಲ್ಲತೈತಿ, ಒಪ್ಪಿದೆ. ನಮ್ಮ ಬೆಲ್ಲಾ ಕಾಸೂ ಕಾಯಿಲಿಗಿ ಬರ್ರಿ. ಕಬ್ಬಿನ ಹಾಲ ಕುದಿಯಾಕ ಹತ್ತಿದ ಮ್ಯಾಲೆ ಕಾವು ನಿಂತಂಗ ಕಾಣತೈತಿ. ನೀರ ಹೋಗಿ ಪಾಕ ಗಟ್ಟಿ ಆದಂಗ ಮತ್ತ ಏರತೈತಿ. ನೀರ ಅಷ್ಟ ಐತಿ ಅಂತ ತಿಳಕೊಂಡ ಉರಿ ಹಾಕಿದ್ರ ಬೆಲ್ಲ ಕರ್ರಗ ಆಗತೈತ್ರಿ.”

“ಅಂದ್ರ?”

“ಒಳಗ ಸಕ್ರಿ ಐತೆಲ್ಲ ಮಾರಾಯ್ರ! ಅದನ್ನ ಲೆಕ್ಕಕ್ಕ ಹಿಡದಿಲ್ಲ ನಮ್ಮ ಹುಡುಗಿ.”

ನನ್ನ ಕೈಯಲ್ಲಿದ್ದ ಅಂಟು ಪುಟದ ಮೇಲೆ ತೊಟ್ಟಿಕ್ಕಿತು. “ಅದನ್ನ ಅಕಿನೂ ಬರದಾಳ್ರಿ,” ಎಂದೆ. “ಬಿಟ್ಟಿದ್ದು ಸೇರಿಸಿದ್ರ ಏನಾಕ್ಕೈತೋ ಗೊತ್ತಿಲ್ಲ ಅಂತ. ಇದ ಪುಟದಾಗ.”

ಅಣ್ಣಪ್ಪ ಪುಟ ಇಸಿದುಕೊಂಡು ತಾನೇ ಓದಿದ, ಬೆರಳಿಟ್ಟು, ತುಟಿ ಅಲುಗಿಸುತ್ತ. “ಹಾಂ,” ಎಂದ. “ಈಗ ಪುಸ್ತಕ ಆತು. ಮೊನ್ನೆ ಓದಿ ನಾ ಮನಿಯಾಗ ಅಂದಿದ್ದೆ, ರತ್ನಕ್ಕನ ಮಗಳಿಗಿ ಪಾಕದ ಹದಾ ಗೊತ್ತಿಲ್ಲಂತ. ಗೊತ್ತೈತಿ ಹಂಗಾರ.”

ಗಾಡಿ ಹತ್ತಿದ ಮೇಲೆ ಆ ಮಾತು ಬೆನ್ನು ಬಿಡಲಿಲ್ಲ. ನಾನು ವಿನಯವೆಂದು ತಿಳಿದ ಪುಟ, ಇಡೀ ಪುಸ್ತಕದಲ್ಲಿ ಒಬ್ಬ ಗಾಣದವನಿಗೆ ಬೇಕಾದ ಒಂದೇ ಪುಟವಾಗಿತ್ತು. ಅದು ಇಲ್ಲದ್ದರಿಂದ ಹತ್ತು ವರ್ಷ ಓದಿದವಳು ಅವನ ಮನೆಯಲ್ಲಿ ದಡ್ಡಿಯಾಗಿದ್ದಳು.

ಅಥಣಿಗೆ ಹೋಗುವಾಗ ಕೃಷ್ಣೆಯ ಸೇತುವೆಯ ಮೇಲೆ ನೀರು ಹತ್ತಿ ಇಳಿದಿತ್ತು. ಕಟಾಂಜನದ ಸರಳುಗಳಿಗೆ ಕಬ್ಬಿನ ಒಣಗರಿಯ ರವದಿ ಸಿಕ್ಕಿ ಜೋತಾಡುತ್ತಿತ್ತು. ಒದ್ದೆ ಅಂಗಿಯಲ್ಲೇ ಒಂಬತ್ತು ಮನೆ ಮುಗಿಸಿದೆ. ದ್ರಾಕ್ಷಿ ತೋಟದ ಒಬ್ಬ ಗೃಹಸ್ಥರು ಪುಸ್ತಕ ಕೊಡಲು ಒಪ್ಪಲಿಲ್ಲ. “ನಿಲ್ಲತೈತಿ ಅಂತ ನಾಕ ಮಂದ್ಯಾಗ ಹೇಳೀನ್ರಿ, ಈಗ ಗೊತ್ತಿಲ್ಲ ಅಂತ ಹೇಳಿದ್ರ ನನ್ನ ಮಾನಾ ಏನಾತು?” ಎಂದರು. ನನ್ನದೇ ದನಿ ಎದುರಿಗೆ ಕುಳಿತು ಮಾತಾಡಿದ ಹಾಗೆ ಕೇಳಿಸಿತು. ಒಂದು ತಾಸು ಕುಳಿತು, ಅವರನ್ನು ಒಪ್ಪಿಸಿ, ಅಂಟಿಸಿ ಎದ್ದೆ.

ಕೊನೆಯ ಮನೆ ಕಾಗವಾಡದಲ್ಲಿ, ರತ್ನಾಬಾಯಿಯ ಚಿಕ್ಕತ್ತೆ ಚಂಪಾಬಾಯಿಯದು. ಕಣ್ಣು ಪೂರಾ ಮಂಜಾದ ಮುದುಕಿ. ಪುಸ್ತಕ ದೇವರ ಕೋಣೆಯಲ್ಲಿ ಉಳಿದ ಗ್ರಂಥಗಳ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಅವರ ಮಗ, “ಯಾರ ಓದ್ತಾರ್ರಿ, ಬಿಡ್ರಿ,” ಎಂದ. ಮುದುಕಿ ಒಳಗಿನಿಂದಲೇ ಅವನನ್ನು ಗದರಿಸಿ, ನನಗೆ ಮರಾಠಿಯಲ್ಲಿ ಕೂಡಲು ಹೇಳಿದರು.

“ಬಸಾ, ಬಸಾ. ಕೈ ತೊಳಕೊಂಡ ಬಾ. ಪುಟ ಅಂಟಸೂಕಿಂತ ಮೊದಲ ಓದ. ನನಗ ಕೇಳಸ್ತೈತಿ.”

ಓದಿದೆ. “ಹಾಗೆ ಬಿಟ್ಟವರಲ್ಲಿ ನಾನೂ ಒಬ್ಬಳು” ಎಂಬಲ್ಲಿಗೆ ಅವರು ಕೈ ಎತ್ತಿ ತಡೆದರು. ಆ ಸಾಲನ್ನು ಇನ್ನೊಮ್ಮೆ ಓದಿಸಿದರು.

“ಛಲೋ ಬರದಾಳ. ಮತ್ತ ಈ ಪುಟ ಪುಸ್ತಕದಾಗಿಂದ ಯಾರ ಬಿಟ್ರು?”

“ಪ್ರೆಸ್ಸಿನಾಗ ತಪ್ಪಾತ್ರಿ ಆಯಿ.”

“ಪ್ರೆಸ್ಸಿಗಿ ಕೈ ಅದಾವೇನ? ಯಾರ ಕೈ ಅಂತ ಕೇಳೀನಿ.”

ನಲವತ್ತೊಂದು ಮನೆಯಲ್ಲಿ ಯಾರೂ ಕೇಳದ್ದನ್ನು ಕಣ್ಣಿಲ್ಲದ ಮುದುಕಿ ಕೇಳಿದರು. ಹೊರಗೆ ಹಂಚಿನ ಮೇಲೆ ಮಳೆ ಸಣ್ಣಗೆ ಶುರುವಾಗಿತ್ತು. ಸುಳ್ಳು ನಾಲಿಗೆಯ ಮೇಲೆ ತಯಾರಿತ್ತು, ಅದು ಅಂದಿನ ಅಂಟಿನ ಹಾಗೆ ಹುಳಿ ಹತ್ತಿತು.

“ನಂದ ಆಯಿ. ನಾನ ತಗದೆ.”

“ಮರತ?”

“ಮರತಲ್ಲ. ಗೊತ್ತಿದ್ದ ತಗದೆ. ಮೊದಲ ನನ್ನ ಲೆಕ್ಕ ತಪ್ಪಿತ್ತು, ಅದನ್ನ ಹೇಳಾಕ ಆಗಲಿಲ್ಲ.”

“ರತ್ನಾನ ಮುಂದ ಏನ ಹೇಳಿದಿ?”

“ಮಡಚೋ ಹೆಣ್ಮಗಳು ಮರತಾಳ ಅಂತ.”

ಚಂಪಾಬಾಯಿ ಬಟ್ಟೆ ಬಿಚ್ಚಿ ಪುಸ್ತಕ ನನ್ನ ಮುಂದಿಟ್ಟರು. ಆಮೇಲೆ, “ಅಂಟಸ,” ಎಂದರು. ಅಂಟಿಸಿ ಪುಸ್ತಕ ಅವರ ಕೈಯಲ್ಲಿಟ್ಟೆ. ಅವರು ಹೊಸ ಪುಟದ ಅಂಚನ್ನು ಬೆರಳಿನಿಂದ ಮೇಲಿಂದ ಕೆಳಗೆ ಸವರಿ ನೋಡಿ, ಬಟ್ಟೆ ಸುತ್ತಿ ಒಳಗಿಟ್ಟರು. ಊಟಕ್ಕೆ ಏಳು ಎನ್ನಲಿಲ್ಲ. ಆ ಹದಿನೈದು ದಿನದಲ್ಲಿ ಊಟಕ್ಕೆ ಕರೆಯದ ಮನೆ ಅದೊಂದೇ.

ಕಾಗವಾಡದಿಂದ ನೆಟ್ಟಗೆ ಭೋಜಕ್ಕೆ ಬಂದೆ. ಸೂರ್ಯ ಇನ್ನೂ ಇದ್ದ. ರತ್ನಾಬಾಯಿ ತಾಟಿನ ಮುಂದೆ ಕುಳಿತಿದ್ದರು, ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಬೇಳೆ. ಹದಿನೈದು ದಿನದಲ್ಲಿ ಕೆನ್ನೆ ಇಳಿದಿದ್ದವು. ತ್ರಿಶಲಾ ಪಕ್ಕದಲ್ಲಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ದಾನಿಗಳ ಪುಟ ಮರೆತದ್ದು, ಫೋನು ಮಾಡದ್ದು, ರುಕ್ಮವ್ವನ ಮೇಲೆ ಹಾಕಿದ್ದು.

ತ್ರಿಶಲಾ ನನ್ನ ಮುಖ ನೋಡಲಿಲ್ಲ, ಕೈ ನೋಡಿ ಮಾತಾಡಿದಳು. “ಬಿಡೂದ ದೊಡ್ಡ ತಪ್ಪಲ್ಲ ಕಾಕಾ. ಬಿಡದ ನನ್ನ ಲೆಕ್ಕಾನೂ ನಡ್ಯಂಗಿಲ್ಲ. ಏನ ಬಿಟ್ಟೀನಿ, ಬಿಟ್ಟಾಕಿ ನಾನ ಅಂತ ಹೇಳಬೇಕು. ಅಷ್ಟ ನೋಡ್ರಿ ನಮ್ಮ ಕೆಲಸದೊಳಗ ಇರೂ ನಿಯತ್ತು.”

ಈಗಲೂ ಅವಳು ಊರಿಗೆ ಬಂದಾಗ ಪ್ರೆಸ್ಸಿಗೆ ಬರುತ್ತಾಳೆ. “ನಿಂತೈತೇನವಾ ತಂಗಿ?” ಎಂದು ಕೇಳುತ್ತೇನೆ. “ಇನ್ನೊಂದಿಷ್ಟ ಸೇರಿಸೀವಿ ಕಾಕಾ. ನಿಂತೈತಿ. ಗೊತ್ತಿಲ್ಲ.” ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ.

ಆ ಸಂಜೆ ರತ್ನಾಬಾಯಿ ಕೇಳಿದ್ದು ಒಂದೇ. “ರುಕ್ಮವ್ವನ ಮುಂದ ಹೇಳಿದಿ?”

“ಇನ್ನೂ ಇಲ್ರಿ ಅಕ್ಕಾರ.”

ಅವರು ಮುಂದಿನ ತುತ್ತನ್ನೂ ಹಾಗೆಯೇ, ಉಪ್ಪಿಲ್ಲದೆ, ಬಾಯಿಗಿಟ್ಟುಕೊಂಡರು.

ಮರುದಿನ ಬೆಳಗ್ಗೆ ಪ್ರೆಸ್ಸಿಗೆ ಹೋದಾಗ ರುಕ್ಮವ್ವ ಸ್ಟೋವಿನ ಮೇಲೆ ಅಂಟು ತಿರುವುತ್ತಿದ್ದಳು. ಎಲ್ಲ ಪುಟ ಮುಗಿದವೆಂದು ಅವಳಿಗೆ ಗೊತ್ತಿರಲಿಲ್ಲ. “ಇವತ್ತ ಯಾವೂರ್ರಿ ಮಾಲಕ್ರ?” ಎಂದಳು.

“ಯಾವೂರೂ ಇಲ್ಲ ರುಕ್ಮವ್ವ. ಆ ಪುಟ ನೀ ಬಿಟ್ಟಿದ್ದಿಲ್ಲ. ನಾ ತಗದಿದ್ದೆ. ಅವರ ಮುಂದ ನಿನ್ನ ಮ್ಯಾಲೆ ಹಾಕಿದೆ. ನಿನಗ ಹೇಳಿಲ್ಲಂತ ಅಕ್ಕಾರು ನಿನ್ನೆನೂ ಉಪ್ಪ ಮುಟ್ಟಲಿಲ್ಲ.”

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತಿ.”

“ಗೊತ್ತೈತಿ?”

“ಬಿಡಿ ಹಾಳಿ ಅಂತ ಯಾವುದೂ ನನ್ನ ಕೈಗಿ ಬಂದಿದ್ದಿಲ್ಲ. ಹದಿನಾರ ಪುಟದ ಹಾಳಿಯೊಳಗ ಒಂದ ಪುಟ ನನ್ನ ಕೈಯಾಗಿಂದ ಹೆಂಗ ಬೀಳತೈತಿ? ಎಣಿಸಿ ಮಡಚಾಕಿ ನಾ.”

“ಮತ್ತ ಅವತ್ತ ಪಡಸಾಲ್ಯಾಗ ಯಾಕ ಅನ್ನಲಿಲ್ಲ ಬೇ?”

“ನೀವ ಅಂತೀರೇನಂತ ಕಾದೆ. ಅವತ್ತ ಅನ್ನಲಿಲ್ಲ. ನಾಳೆ ಅಂತೀರೇನೋ ಅಂದ್ಕೊಂಡ ದಿನಾ ಬೆಳಿಗ್ಗೆ ಡಬ್ಬಿ ತುಂಬಿ ಕೊಟ್ಟೆ.”

ಅವಳು ಸ್ಟೋವು ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಫೋನು ಕೇಳಿ ಇಸಿದುಕೊಂಡಳು. ರತ್ನಾಬಾಯಿಗೆ ಹಚ್ಚಿಸಿಕೊಂಡು ಇಷ್ಟೇ ಹೇಳಿದಳು: “ಅವ್ವಾರ, ಉಪ್ಪ ತಿನ್ರಿ. ಹೇಳಿದ್ರು ನಮ್ಮ ಮಾಲಕ್ರು.” ಆ ಕಡೆಯಿಂದ ಏನು ಬಂತೋ, ಅವಳು “ಹೂಂನ್ರಿ, ಹೂಂನ್ರಿ” ಎಂದು ಕಣ್ಣು ಒರೆಸಿಕೊಂಡಳು. ಫೋನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು.

ಹೊಸ ಲೇಬಲ್ಲಿನ ಹಾಳೆಗಳು ಬಂದಿದ್ದವು. ಅವಳು ತನ್ನ ಜಾಗದಲ್ಲಿ ಕುಳಿತು ಮೊದಲ ಕಟ್ಟು ಬಿಚ್ಚಿದಳು. ಹತ್ತೊಂಬತ್ತು ವರ್ಷ ಅವಳು ತುಟಿ ಅಲುಗದಂತೆ ಎಣಿಸಿದ್ದಳು, ನಾನು ಎಂದೂ ಕೇಳಿಸಿಕೊಂಡವನಲ್ಲ. ಅವತ್ತು ಜೋರಾಗಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಯಂತ್ರದ ಸದ್ದಿನ ಮೇಲೂ ಕೇಳುವ ಹಾಗೆ, ಒಂದೊಂದೂ ನನ್ನ ಕಿವಿಗೆ ಮುಟ್ಟುವ ಹಾಗೆ. ನಾಲ್ಕು ವರ್ಷವಾಯಿತು, ಈಗಲೂ ಹಾಗೇ ಎಣಿಸುತ್ತಾಳೆ. ಸಾಕು ಎಂದು ಹೇಳುವ ಬಾಯಿ ನನಗಿಲ್ಲ.